ಹದಕ್ಕೆ ಬಂದ ವಸ್ತು: ಕುರ್ಚಿ, ತಾಮ್ರ, ಬಿದಿರು ಮತ್ತು ರೊಟ್ಟಿಯಿಂದ ಕಲಿತದ್ದು

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ವಿನ್ಯಾಸ ಕಲಿಯುವ ವಿದ್ಯಾರ್ಥಿಗೆ ಪ್ರೇರಣೆ ಎಲ್ಲಿಂದ ಸಿಗುತ್ತದೆ ಎಂಬುದರ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇಂಥ ಸಂದರ್ಭದಲ್ಲಿ ಹೆಸರಾಂತ ವಿನ್ಯಾಸಕಾರರು ಮಾಡಿದ ವಸ್ತುಗಳ ಚಿತ್ರಗಳನ್ನು ಒಂದಾದ ಮೇಲೊಂದು ತೆರೆಯ ಮೇಲೆ ತೋರಿಸುತ್ತ ಹೋಗುವುದು ರೂಢಿ. ನಾನು ಆ ದಾರಿ ಹಿಡಿಯುವುದಿಲ್ಲ. ಪೂರ್ತಿಯಾದ ವಸ್ತುವಿನ ಚಿತ್ರಕ್ಕಿಂತ, ಆ ವಸ್ತು ತಯಾರಾಗುವ ಕ್ರಮ ನನಗೆ ಹೆಚ್ಚು ಕಲಿಸಿದೆ. ಆದ್ದರಿಂದ ಪೀಠೋಪಕರಣ, ಲೋಹ ಮತ್ತು ಬಿದಿರಿನ ಕಸುಬು, ಅಡುಗೆ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು, ಅವುಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ.

ಈ ಮೂರನ್ನೂ ಕಟ್ಟಿಹಾಕುವ ಒಂದು ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದೇ ವಸ್ತುವಿಗೆ ಆಕಾರ ಕೊಡುವುದಕ್ಕೆ ಮುಂಚೆ ಅದನ್ನು ಹದಕ್ಕೆ ತರುವ ಕೆಲಸವೊಂದು ಇರುತ್ತದೆ. ಮರವನ್ನು ಹಬೆಯಲ್ಲಿ ಇಡುವುದು, ತಾಮ್ರವನ್ನು ಕೆಂಪಗೆ ಕಾಯಿಸುವುದು, ಬಿದಿರಿನ ಸೀಳನ್ನು ನೆನೆಸುವುದು, ಜೋಳದ ಹಿಟ್ಟಿಗೆ ಎಸರು ಹಾಕುವುದು ಎಲ್ಲವೂ ಈ ಕೆಲಸವೇ. ಮುಂದೆ ಆ ವಸ್ತು ಎಷ್ಟು ಬಾಗಬಲ್ಲದು, ಎಷ್ಟು ತೆಳ್ಳಗಾಗಬಲ್ಲದು, ಎಲ್ಲಿ ಸೀಳುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಆ ಹಂತದಲ್ಲೇ ತೀರ್ಮಾನವಾಗಿರುತ್ತದೆ. ಕಾಗದದ ಮೇಲೆ ಗೆರೆ ಎಳೆಯುವ ನಾವು ಈ ಹಂತವನ್ನು ಕುಶಲಕರ್ಮಿಯ ಪಾಲಿಗೆ ಬಿಟ್ಟು, ಆಕಾರವೊಂದೇ ನಮ್ಮ ಪಾಲಿನದು ಎಂದು ತಿಳಿದರೆ, ನಮ್ಮ ಗೆರೆಗೆ ಬಲವಿರುವುದಿಲ್ಲ. ನಾನು ಆರಿಸಿಕೊಂಡ ಉದಾಹರಣೆಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಮೊದಲು ಕುರ್ಚಿಯಿಂದ ಆರಂಭಿಸುತ್ತೇನೆ. ಪುಣೆ ಮತ್ತು ಮುಂಬಯಿಯ ಹಳೆಯ ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜುಗಳ ಸುತ್ತ ಇಟ್ಟಿರುವ, ಬೆನ್ನಿನ ಭಾಗದಲ್ಲಿ ದುಂಡನೆಯ ಕಮಾನು ಇರುವ, ತೆಳ್ಳನೆಯ ಕೋಲುಗಳ ಮರದ ಕುರ್ಚಿಗಳನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಕೈಯಲ್ಲಿ ಎತ್ತಿದರೆ ಹಗುರ, ಕೂತರೆ ಗಟ್ಟಿ. ಆ ಮಾದರಿಗೆ ಮೂಲ ಹಾಕಿದವನು 1796ರಲ್ಲಿ ರೈನ್ ನದಿಯ ದಡದ ಬೊಪಾರ್ಡ್ ಎಂಬ ಊರಿನಲ್ಲಿ ಹುಟ್ಟಿದ ಮಿಖಾಯೆಲ್ ಥೋನೆಟ್ ಎಂಬ ಬಡಗಿ. ಅವನ ಕಾಲದಲ್ಲಿ ಬಾಗಿದ ಆಕಾರದ ಕಾಲು ಬೇಕಾದರೆ ದಪ್ಪ ಹಲಗೆಯಿಂದ ಆ ಆಕಾರವನ್ನು ಕೊಯ್ದು ತೆಗೆಯುತ್ತಿದ್ದರು. ಹಾಗೆ ಕೊಯ್ದಾಗ ಮರದ ಎಳೆ ಅಲ್ಲಲ್ಲಿ ಅಡ್ಡಕ್ಕೆ ತುಂಡಾಗುತ್ತದೆ, ಕಾಲು ಅಲ್ಲೇ ಮುರಿಯುತ್ತದೆ, ಉಳಿದ ಮರವೆಲ್ಲ ಚೂರಾಗಿ ಹೋಗುತ್ತದೆ. ಥೋನೆಟ್ ಮೊದಲು ತೆಳುವಾದ ಮರದ ಪಟ್ಟಿಗಳನ್ನು ಅಂಟಿನಲ್ಲಿ ಬೇಯಿಸಿ ಬಾಗಿಸಿ ನೋಡಿದ. ಆಮೇಲೆ ವಿಯೆನ್ನಾಕ್ಕೆ ಹೋಗಿ ನೆಲೆಸಿ, ಇಡೀ ಕೋಲನ್ನೇ ಬಾಗಿಸುವ ವಿಧಾನಕ್ಕೆ 1856ರಲ್ಲಿ ಪೇಟೆಂಟ್ ಪಡೆದ. 1859ರಲ್ಲಿ ಬಂದ ಅವನ 14ನೆಯ ಸಂಖ್ಯೆಯ ಕುರ್ಚಿ ಜಗತ್ತಿನ ಕಾಫಿ ಅಂಗಡಿಗಳನ್ನೆಲ್ಲ ತುಂಬಿತು.

ಅವನ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಇಡೀ ಮಾತಿನ ತಿರುಳು ಅದರಲ್ಲಿದೆ. ಬೀಚ್ ಮರದ ನೇರವಾದ ಕೋಲುಗಳನ್ನು ದುಂಡಗೆ ಮಾಡಿ, ಹಬೆಯ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಪದಾರ್ಥವು ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ಸಿಕ್ಕಾಗ ಮೆತ್ತಗಾಗುತ್ತದೆ. ಆದರೆ ಮೆತ್ತಗಾದ ಮಾತ್ರಕ್ಕೆ ಕೋಲು ಬಾಗುವುದಿಲ್ಲ. ಬಾಗಿಸಿದ ಕೋಲಿನ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಹಬೆಯಲ್ಲಿ ಬೆಂದ ಮರ ಒತ್ತಿದರೆ ಸಾಕಷ್ಟು ಕುಗ್ಗಬಲ್ಲದು, ಎಳೆದರೆ ಮಾತ್ರ ನೂರಕ್ಕೆ ಒಂದೆರಡು ಪಾಲು ಹಿಗ್ಗುವಷ್ಟರಲ್ಲೇ ಸಿಗಿದುಹೋಗುತ್ತದೆ. ಥೋನೆಟ್ ಮಾಡಿದ್ದೇನೆಂದರೆ, ಕೋಲಿನ ಹೊರಮೈಗೆ ಒಂದು ಲೋಹದ ಪಟ್ಟಿಯನ್ನು ಇಟ್ಟು ಎರಡೂ ತುದಿಗೆ ಬಿಗಿದ. ಪಟ್ಟಿ ಹಿಗ್ಗುವುದಿಲ್ಲವಾದ್ದರಿಂದ ಹೊರಮೈಯ ನಾರೂ ಹಿಗ್ಗುವಂತಿಲ್ಲ. ಬಾಗಿಸುವ ಬಲವೆಲ್ಲ ಮರವನ್ನು ಕುಗ್ಗಿಸುವುದಕ್ಕೇ ತಿರುಗುತ್ತದೆ. ಮರಕ್ಕೆ ಯಾವುದು ಸಾಧ್ಯವೋ ಅದನ್ನಷ್ಟೇ ಅದರಿಂದ ಕೇಳಿ, ಯಾವುದು ಅಸಾಧ್ಯವೋ ಅದನ್ನು ಕಬ್ಬಿಣದ ಮೇಲೆ ಹೊರಿಸಿದ ಬುದ್ಧಿ ಇದು. ಆಮೇಲೆ ಎರಕದ ಕಬ್ಬಿಣದ ಅಚ್ಚಿನಲ್ಲಿ ಕೂರಿಸಿ ಒಣಗಿಸಿದರೆ ಬಾಗು ಹಾಗೆಯೇ ನಿಲ್ಲುತ್ತದೆ. ಆ ಕುರ್ಚಿಯ ಚೆಲುವು ಬರೆದ ಗೆರೆಯಿಂದ ಬಂದದ್ದಕ್ಕಿಂತ ಈ ಲೋಹದ ಪಟ್ಟಿಯಿಂದ ಬಂದದ್ದೇ ಹೆಚ್ಚು ಎಂದು ನನ್ನ ನಂಬಿಕೆ.

ಇನ್ನೂ ಒಂದು ಸಂಗತಿ. ಆ ಕುರ್ಚಿಯಲ್ಲಿ ಇದ್ದದ್ದು ಆರು ಮರದ ಭಾಗಗಳು, 10 ತಿರುಪು, 2 ನಟ್ಟುಗಳು. ಬಿಡಿಬಿಡಿಯಾಗಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ತಲುಪಿದ ಊರಿನಲ್ಲಿ ತಿರುಪು ಬಿಗಿದು ನಿಲ್ಲಿಸಿದರೆ ಆಯಿತು. ಕುಳಿತುಕೊಳ್ಳುವ ಜಾಗಕ್ಕೆ ಬೆತ್ತ ಹೆಣೆಯುತ್ತಿದ್ದರು. ಬೆತ್ತವನ್ನು ನೆನೆಸಿ ಹಸಿಯಾಗಿರುವಾಗಲೇ ಹೆಣೆಯಬೇಕು, ಒಣಗುತ್ತ ಬಂದಂತೆ ಅದು ತಾನಾಗಿ ಬಿಗಿಯುತ್ತದೆ. ನಮ್ಮ ಕಡೆ ಬೆತ್ತದ ಕುರ್ಚಿ ರಿಪೇರಿ ಮಾಡುವವರು ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡೇ ಕೂರುವುದು ಇದಕ್ಕಾಗಿ.

ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳ ಹೆಸರು ವಿನ್ಯಾಸದ ತರಗತಿಗಳಲ್ಲಿ ಎಷ್ಟು ಸಲ ಬರುತ್ತದೆಂದರೆ ಅದನ್ನು ಬೇಗ ದಾಟಬಹುದು. ಆದರೆ ಅವರು ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ನೌಕಾದಳಕ್ಕಾಗಿ ಮಾಡಿದ ಪ್ಲೈವುಡ್ಡಿನ ಕಾಲುಪಟ್ಟಿಯನ್ನು, ಅಂದರೆ ಮುರಿದ ಕಾಲಿಗೆ ಆಸರೆಯಾಗಿ ಕಟ್ಟುವ ಅಚ್ಚನ್ನು, ಹೇಳದೆ ಹೋಗಲಾರೆ. ಪ್ಲೈವುಡ್ ಒಂದು ದಿಕ್ಕಿಗೆ ಸುಲಭವಾಗಿ ಬಾಗುತ್ತದೆ. ಬೋಗುಣಿಯ ಹಾಗೆ ಎರಡೂ ದಿಕ್ಕಿಗೆ ಬಾಗಿಸಲು ಹೋದರೆ ಸುಕ್ಕುಗಟ್ಟುತ್ತದೆ ಇಲ್ಲವೇ ಸೀಳುತ್ತದೆ. ಅವರು ಒತ್ತಡ ಸೇರುವ ಜಾಗಗಳಲ್ಲಿ ಕಂಡಿಗಳನ್ನು ಕತ್ತರಿಸಿ ಮರಕ್ಕೆ ಬಿಡುವು ಕೊಟ್ಟರು, ಆ ಕಂಡಿಗಳ ಮೂಲಕವೇ ಬ್ಯಾಂಡೇಜಿನ ಬಟ್ಟೆ ಹಾಯಿಸಿ ಕಟ್ಟುವುದಕ್ಕೂ ಅನುಕೂಲವಾಯಿತು. ಮುಂದೆ ಕುರ್ಚಿ ಮಾಡುವಾಗ ಇಡೀ ಕುರ್ಚಿಯನ್ನು ಒಂದೇ ಹಾಳೆಯಲ್ಲಿ ಬಾಗಿಸುವ ಆಸೆಯನ್ನು ಕೈಬಿಟ್ಟು, ಆಸನವನ್ನೂ ಬೆನ್ನನ್ನೂ ಬೇರೆ ಬೇರೆ ಮಾಡಿ ಜೋಡಿಸಿದರು. ಆ ಎರಡು ತುಂಡುಗಳ ಕುರ್ಚಿಯೇ ಹೆಸರು ಮಾಡಿತು.

ಈ ದಂಪತಿಗಳನ್ನು ಭಾರತ ಸರ್ಕಾರ ಕರೆಸಿಕೊಂಡು ದೇಶದಲ್ಲಿ ವಿನ್ಯಾಸ ಶಿಕ್ಷಣ ಹೇಗಿರಬೇಕೆಂದು ಕೇಳಿತು. ಅವರು 1958ರಲ್ಲಿ ವರದಿ ಕೊಟ್ಟರು, 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ವರದಿಯಲ್ಲಿ ಅವರು ಬಹಳವಾಗಿ ಮೆಚ್ಚಿದ್ದು ನಮ್ಮ ಲೋಟಾ ಎಂಬ ಚೊಂಬನ್ನು. ಇಂಥದೊಂದು ಪಾತ್ರೆ ಮಾಡಬೇಕಾದರೆ ಏನೇನು ಯೋಚಿಸಬೇಕು ಎಂದು ಅವರು ಪಟ್ಟಿ ಮಾಡುತ್ತಾರೆ. ಹಿಡಿಯುವ ಕೈಯ ಗಾತ್ರ, ಸೊಂಟದ ಮೇಲೆ ಹೊತ್ತಾಗಿನ ತೂಕ, ಸುರಿಯುವಾಗ ನೀರಿನ ಓಟ, ಒಳಮೈಯನ್ನು ತೊಳೆಯುವ ಸೌಕರ್ಯ ಇವೆಲ್ಲ ಅದರಲ್ಲಿವೆ. ಕೊನೆಗೆ ಹಳೆಯದಾದ ಮೇಲೆ ಆ ಲೋಹಕ್ಕೆ ಸಿಗುವ ಬೆಲೆಯನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆ. ಆ ಕೊನೆಯ ಅಂಶ ನನ್ನನ್ನು ಕರೆದುಕೊಂಡು ಹೋದದ್ದು ಇದೇ ಊರಿನ ಕಸಬಾ ಪೇಠೆಗೆ.

ಕಸಬಾ ಪೇಠೆಯ ತಾಂಬಟ ಆಳಿಯನ್ನು, ಅಂದರೆ ತಾಮ್ರದ ಕೆಲಸದವರ ಬೀದಿಯನ್ನು, ಹುಡುಕಲು ವಿಳಾಸ ಬೇಡ, ಸುತ್ತಿಗೆಯ ಸದ್ದನ್ನು ಹಿಡಿದು ಹೋದರೆ ಸಾಕು. ಪೇಶ್ವೆಗಳ ಕಾಲದಿಂದ ಇಲ್ಲಿ ತಾಮ್ರದ ಕೆಲಸ ನಡೆಯುತ್ತ ಬಂದಿದೆ. ಹಂಡೆ, ಕೊಡ, ನೀರು ಕಾಯಿಸುವ ಬಂಬ, ಅಗಲ ಬಾಯಿಯ ಘಂಗಾಳ ಇವೆಲ್ಲ ಇಲ್ಲಿಂದ ಪುಣೆಯ ಮನೆಗಳಿಗೆ ಹೋದವು. ಬಾಯ್ಲರು, ಗೀಸರು ಬಂದ ಮೇಲೆ ಬಂಬಕ್ಕೆ ಗಿರಾಕಿ ಕಡಿಮೆಯಾಯಿತು. ಈಗ ನೀರಿನ ಬಾಟಲಿ, ದೀಪದ ಹೊರಕವಚ, ಅಲಂಕಾರದ ತಟ್ಟೆಗಳನ್ನೂ ಇಲ್ಲಿ ಮಾಡುತ್ತಾರೆ.

ಅಲ್ಲಿ ಒಬ್ಬ ಕುಶಲಕರ್ಮಿ ಕೊಡವೊಂದನ್ನು ಮುಗಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ನೆಲದ ಮೇಲೆ ಕಾಲು ಚಾಚಿ ಕುಳಿತು, ಕೊಡದ ಬಾಯೊಳಗಿಂದ ಉದ್ದನೆಯ ಕಬ್ಬಿಣದ ಅಡಿಗಲ್ಲನ್ನು ತೂರಿಸಿ, ಅದರ ತುದಿ ತಾಕಿದ ಜಾಗದ ಮೇಲೆ ಹೊರಗಿನಿಂದ ಪೆಟ್ಟು ಹಾಕುತ್ತಿದ್ದರು. ಒಂದು ಪೆಟ್ಟು ಬಿದ್ದ ಕೂಡಲೇ ಎಡಗೈ ಕೊಡವನ್ನು ಒಂದೆಳೆಯಷ್ಟು ತಿರುಗಿಸುತ್ತದೆ, ಮುಂದಿನ ಪೆಟ್ಟು ಹಿಂದಿನದರ ಅಂಚಿಗೆ ಬೀಳುತ್ತದೆ. ಸುತ್ತಿಗೆಯ ಮುಖ ಕನ್ನಡಿಯ ಹಾಗೆ ನುಣುಪಾಗಿರಬೇಕು, ಅದರಲ್ಲಿ ಚಿಕ್ಕ ಗೀರಿದ್ದರೂ ಅಷ್ಟೂ ಗುಳಿಗಳಲ್ಲಿ ಅದು ಮೂಡುತ್ತದೆ. ಹೀಗೆ ಸಾಲುಸಾಲಾಗಿ ಗುಳಿ ಮೂಡಿಸುವ ಕೆಲಸವನ್ನು ಅವರು ಮಠಾರಕಾಮ ಎನ್ನುತ್ತಾರೆ. ಅಂಗಡಿಯಲ್ಲಿ ಕೊಳ್ಳುವವರು ಅದನ್ನು ಅಲಂಕಾರವೆಂದು ತಿಳಿಯುತ್ತಾರೆ. ವಾಸ್ತವವಾಗಿ ತೆಳುವಾದ ತಾಮ್ರದ ಪಾತ್ರೆಗೆ ಬಲ ಬರುವುದೇ ಆ ಪೆಟ್ಟುಗಳಿಂದ.

ಇದರ ಕಾರಣ ಹೀಗಿದೆ. ತಾಮ್ರದ ಒಳಗಿನ ಹರಳುಗಳಲ್ಲಿ ಪದರಗಳು ಒಂದರ ಮೇಲೊಂದು ಜಾರಬಲ್ಲವು, ಅದರಿಂದಲೇ ತಾಮ್ರ ಮೆದು. ಪೆಟ್ಟು ಬೀಳುತ್ತ ಹೋದಂತೆ ಹರಳುಗಳಲ್ಲಿನ ಸಣ್ಣ ದೋಷಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕುಬಿದ್ದು, ಜಾರುವಿಕೆಗೆ ತಡೆ ಒಡ್ಡುತ್ತವೆ, ಲೋಹ ಗಡುಸಾಗುತ್ತದೆ. ಗಡುಸು ಮಿತಿ ಮೀರಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಆಕಾರ ಕೊಡುವ ಹಂತದಲ್ಲಿ ನಡುನಡುವೆ ಪಾತ್ರೆಯನ್ನು ಬೆಂಕಿಯಲ್ಲಿಟ್ಟು ಮಂದವಾಗಿ ಕೆಂಪೇರುವವರೆಗೆ ಕಾಯಿಸುತ್ತಾರೆ. ಆಗ ಹೊಸ ಹರಳುಗಳು ಬೆಳೆದು ತಾಮ್ರ ಮತ್ತೆ ಮೆದುವಾಗುತ್ತದೆ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರವನ್ನು ಅದ್ದಿದರೆ ಮೆದುವಾಗಿಯೇ ಉಳಿಯುತ್ತದೆ. ಹೀಗಾಗಿ ಅವರು ಕೂಡಲೇ ಮುಂದಿನ ಕೆಲಸ ಹಿಡಿಯಬಹುದು. ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು ಎಂಬ ಈ ಸರದಿಯಲ್ಲಿ ಕೊನೆಯ ಬಡಿತದ ನಂತರ ಮಾತ್ರ ಕಾಯಿಸುವುದಿಲ್ಲ. ಆ ಗಡುಸನ್ನು ಪಾತ್ರೆಯಲ್ಲೇ ಉಳಿಸಿಬಿಡುತ್ತಾರೆ. ಯಂತ್ರದಲ್ಲಿ ಒತ್ತಿದ ಪಾತ್ರೆಯ ಮೇಲೆ ಬರೀ ಗುಳಿಯ ನಕ್ಷೆಯನ್ನು ಅಚ್ಚೊತ್ತಿ ಮಾರುವುದೂ ಇದೆ, ಅದನ್ನು ನಾನು ವಿನ್ಯಾಸ ಎಂದು ಕರೆಯಲಾರೆ. ಅಲ್ಲಿ ಗುರುತು ಉಳಿದಿದೆ, ಗುರುತಿನ ಕೆಲಸ ಹೋಗಿದೆ.

ಹುಳಿ ಪದಾರ್ಥ ತಾಮ್ರಕ್ಕೆ ತಾಗಬಾರದು. ಅದಕ್ಕಾಗಿಯೇ ಅಡುಗೆಯ ತಾಮ್ರಕ್ಕೆ ಒಳಗಡೆ ಕಲಾಯಿ ಮಾಡಿಸುವುದು. ನವಸಾಗರವನ್ನು ಉಜ್ಜಿ ಬಿಸಿ ಪಾತ್ರೆಯ ಒಳಮೈ ಶುಚಿ ಮಾಡಿ, 232 ಡಿಗ್ರಿಗೆ ಕರಗುವ ತವರವನ್ನು ಹತ್ತಿಯಿಂದ ಸವರುತ್ತಾರೆ. ಕಲಾಯಿ ಸವೆದರೆ ಮತ್ತೆ ಹಾಕಿಸಬಹುದು, ಪಾತ್ರೆ ಒಡೆದರೆ ತೂಕಕ್ಕೆ ಹಾಕಿ ಹೊಸದು ತರಬಹುದು. ರಿಪೇರಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ವಸ್ತು ಹೀಗಿರುತ್ತದೆ.

ಇದೇ ಊರಿನಲ್ಲಿ ಬುರುಡ ಆಳಿ ಎಂಬ ಇನ್ನೊಂದು ಬೀದಿಯಿದೆ. ಬುರುಡರು ಬಿದಿರಿನ ಬುಟ್ಟಿ, ಮೊರ, ಚಾಪೆ, ತಟ್ಟಿ ಹೆಣೆಯುವವರು. ನಮ್ಮ ಕಡೆ ಮೇದಾರರು ಮಾಡುವ ಕೆಲಸವನ್ನೇ ಇಲ್ಲಿ ಅವರು ಮಾಡುತ್ತಾರೆ. ಬಿದಿರು ಹುಲ್ಲಿನ ಜಾತಿ. ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದುಬಿಡುತ್ತದೆ, ಬಲಿಯಲು ಮಾತ್ರ ಮೂರು ವರ್ಷದಷ್ಟು ಕಾಲ ಬೇಕು. ಅದರ ನಾರು ಗೆಣ್ಣಿನಿಂದ ಗೆಣ್ಣಿಗೆ ನೆಟ್ಟಗೆ ಓಡುತ್ತದೆ. ಮರದಲ್ಲಿರುವಂತೆ ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡಡ್ಡ ಹೋಗುವ ಕಿರಣಗಳು ಅದರಲ್ಲಿಲ್ಲ. ಅದಕ್ಕೇ ಕತ್ತಿಯ ಮೊನೆ ತಾಗಿಸಿದರೆ ಉದ್ದಕ್ಕೆ ಸಲೀಸಾಗಿ ಸೀಳುತ್ತದೆ. ನಾರೆಲ್ಲ ಹೊರಮೈಯಲ್ಲಿ ದಟ್ಟವಾಗಿದ್ದು ಒಳಗೆ ಹೋದಂತೆ ವಿರಳ. ಮೊರ ಹೆಣೆಯುವ ಹೆಂಗಸು ದಬ್ಬೆಯನ್ನು ಎರಡಾಗಿ, ಮತ್ತೆ ಎರಡಾಗಿ ಸೀಳುತ್ತ, ಹೊರಸಿಪ್ಪೆಯ ಸೀಳನ್ನು ಒಂದು ಕಡೆಗೂ ಒಳತಿರುಳಿನ ಸೀಳನ್ನು ಇನ್ನೊಂದು ಕಡೆಗೂ ಇಡುತ್ತಾರೆ. ಅಂಚಿಗೆ ಮತ್ತು ಭಾರ ಬೀಳುವ ಜಾಗಕ್ಕೆ ಹೊರಸಿಪ್ಪೆ, ನಡುವಿನ ತುಂಬುಗೆಗೆ ಒಳತಿರುಳು. ಸೀಳು ಒಂದು ಕಡೆಗೆ ದಪ್ಪವಾಗಿ ಓಡತೊಡಗಿದರೆ ದಪ್ಪವಾದ ಭಾಗವನ್ನು ಹೆಚ್ಚು ಬಾಗಿಸಿ ಎಳೆಯುತ್ತಾರೆ, ಸೀಳು ಮತ್ತೆ ನಡುವಿಗೆ ಬರುತ್ತದೆ. ಅಳತೆಯ ಸಾಧನ ಯಾವುದೂ ಅಲ್ಲಿಲ್ಲ, ಹೆಬ್ಬೆರಳಿಗೆ ದಪ್ಪ ಗೊತ್ತಾಗುತ್ತದೆ. ನನಗೆ ಕಾಲೇಜಿನಲ್ಲಿ ಸಿಕ್ಕ ಎಷ್ಟೋ ಪಾಠಗಳಿಗಿಂತ ಈ ವಿಂಗಡಣೆ ಹೆಚ್ಚು ಕಲಿಸಿತು. ಒಂದೇ ವಸ್ತುವಿನೊಳಗೆ ಎರಡು ವಸ್ತುಗಳಿವೆ ಎಂಬುದನ್ನು ಅದು ತೋರಿಸಿತು.

ಬಿದಿರಿನ ದೊಡ್ಡ ಶತ್ರು ಕುಟ್ಟೆ ಹುಳು. ಅದಕ್ಕೆ ಬೇಕಾದದ್ದು ಬಿದಿರಿನಲ್ಲಿರುವ ಪಿಷ್ಟ. ಕಡಿದ ಬಿದಿರನ್ನು ಹರಿಯುವ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುವ ಹಳ್ಳಿಯ ಪದ್ಧತಿಯಲ್ಲಿ ಆ ಪಿಷ್ಟ ಕೊಚ್ಚಿಹೋಗುತ್ತದೆ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅರಣ್ಯದ ಹೊರಗೆ ಬೆಳೆದ ಬಿದಿರು ಮರದ ಪಟ್ಟಿಯಿಂದ ಹೊರಬಂತು. ರೈತ ತನ್ನ ಹೊಲದ ಬಿದಿರನ್ನು ಕಡಿದು ಸಾಗಿಸಲು ಇದ್ದ ತೊಡಕು ಕಡಿಮೆಯಾಯಿತು. ಪೀಠೋಪಕರಣದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಸುದ್ದಿ.

ಈಗ ಅಡುಗೆಯ ಮಾತು. ಆಹಾರ ವಿನ್ಯಾಸ ಎಂಬುದು ಪಾಶ್ಚಾತ್ಯ ದೇಶಗಳಲ್ಲಿ ಬೇರೆಯೇ ಶಾಖೆಯಾಗಿ ಬೆಳೆದಿದೆ. ಕಾರುಗಳ ವಿನ್ಯಾಸಕ್ಕೆ ಹೆಸರಾದ ಇಟಲಿಯ ಜೋರ್ಜೆತ್ತೋ ಜುಜಾರೋ 1983ರಲ್ಲಿ ಪಾಸ್ತಾ ಕಂಪನಿಯೊಂದಕ್ಕಾಗಿ ಮರೀಲ್ಲೆ ಎಂಬ ಹೊಸ ಆಕಾರದ ಪಾಸ್ತಾ ರೂಪಿಸಿದರು. ಸಾರು ಹಿಡಿದಿಟ್ಟುಕೊಳ್ಳಲೆಂದು ಕೊಳವೆಗಳನ್ನು ಕೂಡಿಸಿದ ಚೆಂದದ ಆಕಾರ ಅದು. ಎಲ್ಲ ಭಾಗವೂ ಒಂದೇ ಹದಕ್ಕೆ ಬೇಯಲಿಲ್ಲ, ಪಾಸ್ತಾ ಅಂಗಡಿಯಲ್ಲಿ ನಿಲ್ಲಲಿಲ್ಲ. ನೆದರ್ಲೆಂಡಿನ ಮರೈಯೆ ಫೋಗೆಲ್‌ಜಾಂಗ್ ಅವರು ತಮ್ಮನ್ನು ಆಹಾರದ ವಿನ್ಯಾಸಕಾರ್ತಿ ಎಂದು ಕರೆದುಕೊಳ್ಳುವುದಿಲ್ಲ, ಉಣ್ಣುವ ಕ್ರಿಯೆಯ ವಿನ್ಯಾಸಕಾರ್ತಿ ಎನ್ನುತ್ತಾರೆ. ನಿಸರ್ಗವೇ ಆಹಾರಕ್ಕೆ ಆಕಾರ ಕೊಟ್ಟಿರುತ್ತದೆ, ಜನ ಹೇಗೆ ಕೂತು ಹಂಚಿಕೊಂಡು ಉಣ್ಣುತ್ತಾರೆ ಎಂಬುದೇ ತನ್ನ ಕೆಲಸ ಎಂಬುದು ಅವರ ನಿಲುವು. ಈ ಎರಡನೆಯ ದಾರಿ ನನಗೆ ಇಷ್ಟ. ಆದರೂ ಅದರಲ್ಲಿ ಬೇಯಿಸುವವರ ಕೈಗೆ ಇನ್ನೂ ಸ್ವಲ್ಪ ಹೆಚ್ಚು ಜಾಗ ಬೇಕು ಎನಿಸುತ್ತದೆ. ಆ ಕೈಯನ್ನು ನೋಡಲು ನಾನು ದೂರ ಹೋಗಬೇಕಾಗಿಲ್ಲ.

ನಮ್ಮ ಮನೆತನ ವಿಜಯಪುರ ಜಿಲ್ಲೆಯದು. ಪುಣೆಗೆ ಬಂದು ನೆಲೆಸಿದ ಮೇಲೂ ಮನೆಯಲ್ಲಿ ಜೋಳದ ರೊಟ್ಟಿ ನಿಂತಿಲ್ಲ. ಇಲ್ಲಿಯವರು ಭಾಕರಿ ಎಂದು ಮಾಡುವುದೂ ಅದನ್ನೇ. ಜೋಳದ ಹಿಟ್ಟು ಗೋಧಿ ಹಿಟ್ಟಿನಂತಲ್ಲ. ಗೋಧಿಯಲ್ಲಿ ನಾದಿದಂತೆ ಎಳೆಎಳೆಯಾಗಿ ಬೆಳೆಯುವ ಗ್ಲುಟೆನ್ ಇದೆ. ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ನಾದಿ ಗಂಟೆಗಟ್ಟಲೆ ಬಿಟ್ಟರೆ ಆ ಎಳೆಗಳ ಬಿಗು ಸಡಿಲವಾಗಿ, ಹೂರಣದ ಸುತ್ತ ಹರಿಯದೆ ಹಿಗ್ಗುತ್ತದೆ. ಜೋಳದಲ್ಲಿ ಆ ಎಳೆಗಳಿಲ್ಲ. ತಣ್ಣೀರು ಹಾಕಿ ಕಲಸಿದರೆ ಅದು ಒದ್ದೆ ಮರಳು. ಎಸರು ಹಾಕಿದರೆ ಮಾತ್ರ, ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಸ್ವಲ್ಪ ಭಾಗ ಅಂಟಾಗಿ, ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ನಮ್ಮ ದೊಡ್ಡವ್ವ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: “ಎಸರು ಕುದೀದಿದ್ರ ರೊಟ್ಟಿ ಅಂಚು ಬಿರೀತಾವ.”

ಅವರು ರೊಟ್ಟಿ ಬಡಿಯುವುದನ್ನು ನೋಡಿ. ಮುಷ್ಟಿಯಷ್ಟು ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಉಂಡೆಯ ಅಂಚಿನಲ್ಲಿ ಬಿರುಕು ಕಾಣದಂತಾದಾಗ ಕೆಳಗೆ ಒಣಹಿಟ್ಟು ಉದುರಿಸಿ, ಬೆರಳುಗಳನ್ನು ಕೂಡಿಸಿ ಅಂಗೈ ಚಪ್ಪಟೆ ಮಾಡಿ ಬಡಿಯತೊಡಗುತ್ತಾರೆ. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚನ್ನು ಕಾಯುತ್ತ ಸುತ್ತ ತಿರುಗಿಸುತ್ತದೆ. ಹೆಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ನೀರು ಸವರುತ್ತಾರೆ. ಇದರಿಂದ ಒಣಹಿಟ್ಟು ತೊಳೆದುಹೋಗಿ, ಕೆಳಭಾಗ ಬೇಯುವವರೆಗೆ ಮೇಲ್ಭಾಗ ಒಣಗಿ ಬಿರಿಯುವುದಿಲ್ಲ; ತಿರುವಿ ಹಾಕಿದಾಗ ಎರಡೂ ಮೈ ಮುಚ್ಚಿಕೊಂಡು, ನಡುವೆ ಸಿಕ್ಕ ಹಬೆ ರೊಟ್ಟಿಯನ್ನು ಎರಡು ಪದರವಾಗಿ ಎತ್ತುತ್ತದೆ. ಒಂದು ಕಡೆ ತೂತಾದರೆ ರೊಟ್ಟಿ ಉಬ್ಬುವುದಿಲ್ಲ. ಇನ್ನೂ ತೆಳ್ಳಗೆ ಬಡಿದು, ನೀರಿನ ಅಂಶ ಪೂರ್ತಿ ಹೋಗುವಂತೆ ಒಣಗಿಸಿದರೆ ಅದು ಕಡಕ್ ರೊಟ್ಟಿ. ತೇವವಿಲ್ಲದ್ದರಿಂದ ಬೂಷ್ಟು ಹಿಡಿಯದೆ ತಿಂಗಳುಗಟ್ಟಲೆ ಇರುತ್ತದೆ. ಒಂದೇ ಹಿಟ್ಟಿನಿಂದ ಇಂದಿನ ಊಟಕ್ಕೊಂದು, ಪ್ರಯಾಣಕ್ಕೊಂದು ಎಂದು ಎರಡು ಪದಾರ್ಥ ಮಾಡಿಕೊಂಡ ಜಾಣ್ಮೆಯನ್ನು ನಾನು ಯಾವುದೇ ಪ್ರಸಿದ್ಧ ಕುರ್ಚಿಗೆ ಕಡಿಮೆ ಎಂದು ಎಣಿಸುವುದಿಲ್ಲ.

ಕರಾವಳಿಯಿಂದ ಬಂದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಇಡ್ಲಿಯನ್ನು ಪುಣೆಯ ನಾಲಗೆಗೆ ಒಗ್ಗಿಸಿದವರಲ್ಲಿ ಇಲ್ಲಿನ ವೈಶಾಲಿ ಹೋಟೆಲನ್ನು ಕಟ್ಟಿದ ಜಗನ್ನಾಥ ಶೆಟ್ಟಿಯವರಂಥ ನಿಮ್ಮ ಕಡೆಯ ಹಿರಿಯರು ಇದ್ದರು. ಇಡ್ಲಿಯ ಆಕಾರವನ್ನು ಗಮನಿಸಿ: ನಡುವೆ ಉಬ್ಬು, ಅಂಚಿಗೆ ತೆಳು, ತಟ್ಟೆಯ ಗುಳಿಯಲ್ಲಿ ಸಣ್ಣ ತೂತುಗಳು. ಹಬೆ ಎಲ್ಲ ಕಡೆಯಿಂದ ತಾಗಬೇಕು, ಎತ್ತಿದರೆ ಬಿಟ್ಟುಬರಬೇಕು ಎಂಬ ಎರಡು ಅಗತ್ಯಗಳು ಆ ಆಕಾರವನ್ನು ಕೊಟ್ಟಿವೆ. ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಮೂಡೆ, ಅಂದರೆ ಓಲೆಯ ಕೊಳವೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಇಡ್ಲಿ. ಕೇದಿಗೆ ಜಾತಿಯ ಉದ್ದನೆಯ ಓಲೆಯ ಅಂಚಿನ ಮುಳ್ಳನ್ನೂ ನಡುದಿಂಡಿನ ಮುಳ್ಳನ್ನೂ ತೆಗೆದು, ಬೆಂಕಿಯ ಮೇಲೆ ಹಿಡಿದು ಬಾಡಿಸುತ್ತಾರೆ. ಹಸಿ ಓಲೆಯನ್ನು ಸುತ್ತಿದರೆ ಸೀಳುತ್ತದೆ, ಬಾಡಿದ ಓಲೆ ಕೊಳವೆಯಾಗಿ ಸುತ್ತಿಕೊಳ್ಳುತ್ತದೆ. ಥೋನೆಟ್ ಹಬೆಯ ಪೆಟ್ಟಿಗೆಯಲ್ಲಿ ಮಾಡಿದ ಕೆಲಸವನ್ನು ಅಷ್ಟಮಿ, ಚೌತಿಯ ಹಿಂದಿನ ದಿನ ಕರಾವಳಿಯ ಮನೆಗಳಲ್ಲಿ ಒಲೆಯ ಮುಂದೆ ಮಾಡುತ್ತಾರೆ. ಆಮೇಲೆ ಅದೇ ಓಲೆ ಅಚ್ಚಾಗುತ್ತದೆ, ಬೇಯುವಾಗ ಪರಿಮಳ ಕೊಡುತ್ತದೆ, ಬೆಂದ ಮೇಲೆ ಹೊದಿಕೆಯಾಗಿ ಕಾಪಾಡುತ್ತದೆ, ತಿಂದ ಮೇಲೆ ತಿಪ್ಪೆಗೆ ಹೋಗುತ್ತದೆ.

ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ತಂದಿತು, 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ಇಡೀ ದೇಶದಲ್ಲಿ ನಿಷೇಧ ಬಂತು. ಅಡಿಕೆ ಹಾಳೆಯ ತಟ್ಟೆಗಳಿಗೆ ಇದರಿಂದ ಬೇಡಿಕೆ ಬಂದಿದೆ. ಬಿದ್ದ ಹಾಳೆಯನ್ನು ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತುತ್ತಾರೆ. ಅಂಟು, ಬಣ್ಣ ಏನೂ ಬೇಡ. ಇಲ್ಲಿಯೂ ನೀರು, ಬಿಸಿ, ಒತ್ತಡ. 2025ರಲ್ಲಿ ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆಯು ಅಡಿಕೆಯಲ್ಲಿರುವ ರಾಸಾಯನಿಕಗಳ ಕಾರಣ ಹೇಳಿ ಈ ತಟ್ಟೆಗಳ ಸುರಕ್ಷತೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ನಮ್ಮದೆಂಬ ಅಭಿಮಾನದಿಂದ ಇದನ್ನು ತಳ್ಳಿಹಾಕುವುದು ಸರಿಯಲ್ಲ. ಬಿಸಿ ಸಾರು, ಹುಳಿ, ಎಣ್ಣೆ ತಾಗಿದಾಗ ಹಾಳೆಯಿಂದ ಏನು ಬಿಡುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ನೋಡಿ ಉತ್ತರ ಕೊಡಬೇಕು. ಆಹಾರಕ್ಕೆ ತಾಗುವ ವಸ್ತುವನ್ನು ರೂಪಿಸುವವರ ಹೊಣೆ ಅದು.

ಇನ್ನು ನಾನು ಈಗ ಕೈಗೆತ್ತಿಕೊಂಡಿರುವ ಕೆಲಸ. ಬಿಸಿ ರೊಟ್ಟಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟರೆ ಅದರಿಂದ ಹೊರಟ ಹಬೆ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತದೆ, ರೊಟ್ಟಿಯ ಕೆಳಮೈ ಜಿಗುಟಾಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಂತೂ ಮೇಲಿನಿಂದಲೂ ಹನಿ ಬೀಳುತ್ತದೆ. ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಇಟ್ಟರೆ ಹಬೆ ಹೆಣಿಗೆಯ ಸಂದಿನಿಂದ ಹೊರಗೆ ಹೋಗುತ್ತದೆ, ಬಿಸಿ ಮಾತ್ರ ಸ್ವಲ್ಪ ಹೊತ್ತು ಉಳಿಯುತ್ತದೆ. ಊರಿನ ಮನೆಗಳಲ್ಲಿ ರೊಟ್ಟಿ ಬುಟ್ಟಿ ಇದ್ದದ್ದು ಇದಕ್ಕೇ. ನಗರದ ಅಡುಗೆಮನೆಯಿಂದ ಅದು ಹೋದದ್ದಕ್ಕೂ ಕಾರಣಗಳಿವೆ. ಪುಣೆಯ ಮಳೆಗಾಲದಲ್ಲಿ ಬಿದಿರಿಗೆ ಬೂಷ್ಟು ಹಿಡಿಯುತ್ತದೆ, ಸಂದಿನಲ್ಲಿ ಸೇರಿದ ಹಿಟ್ಟನ್ನು ತೊಳೆಯುವುದು ಕಷ್ಟ, ಕಟ್ಟೆಯ ಮೇಲೆ ಜಾಗ ಕಡಿಮೆ. ಬುರುಡ ಆಳಿಯ ಒಬ್ಬ ಹೆಣಿಗೆಗಾರ್ತಿಯೊಂದಿಗೆ ಕೂತು, ತಳವನ್ನು ಕಟ್ಟೆಯಿಂದ ಬೆರಳಗಲ ಮೇಲೆ ನಿಲ್ಲಿಸುವ ಕಾಲುಗಳಿರುವ, ತಳದ ಹೆಣಿಗೆಯನ್ನು ಬಿಚ್ಚಿ ತೊಳೆದು ಬಿಸಿಲಿಗೆ ಹಾಕಬಹುದಾದ ಬುಟ್ಟಿಯೊಂದನ್ನು ರೂಪಿಸುತ್ತಿದ್ದೇನೆ. ಕಾಲು ಮತ್ತು ಅಂಚು ಎರಡನ್ನೂ ಒಂದೇ ದಬ್ಬೆಯಿಂದ, ನೆನೆಸಿ ಉರಿಯ ಮೇಲೆ ಬಾಗಿಸಿ ಮಾಡುವುದು ನನ್ನ ಯೋಚನೆ. ಹೊರಸಿಪ್ಪೆಯನ್ನು ಯಾವ ಕಡೆಗೆ ಇಟ್ಟು ಬಾಗಿಸಬೇಕು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆ ನಡೆದಿದೆ. ಅವರ ಅನುಭವದ ಮಾತು ನನ್ನ ಲೆಕ್ಕಕ್ಕಿಂತ ಮುಂದೆ ಇರುತ್ತದೆ.

ಇಲ್ಲಿ ಒಂದು ವಿಚಾರವನ್ನು ಒತ್ತಿ ಹೇಳಬೇಕು. ವಿನ್ಯಾಸಕಾರರು ಹೊಸ ನಕ್ಷೆ ತಂದುಕೊಟ್ಟಾಗ ಹೆಣೆಯುವವರ ಶ್ರಮ ಹೆಚ್ಚುತ್ತದೆ, ಕೂಲಿ ಮಾತ್ರ ಹಳೆಯ ಬುಟ್ಟಿಯ ಲೆಕ್ಕದಲ್ಲೇ ಉಳಿಯುತ್ತದೆ. ಅಂಗಡಿಯಲ್ಲಿ ಏರಿದ ಬೆಲೆ ನಡುವಿನವರ ಪಾಲಾಗುತ್ತದೆ. ಬಿಡಿಸಿದ ಗೆರೆಗೆ ಸಂಭಾವನೆ ಪಡೆಯುವ ನಾವು, ದಬ್ಬೆ ಸೀಳುವ, ನೆನೆಸುವ, ವಿಂಗಡಿಸುವ ಹೊತ್ತನ್ನೂ ಬೆಲೆಯಲ್ಲಿ ಸೇರಿಸಬೇಕು. ಬುಟ್ಟಿಯ ಬೆಲೆಯನ್ನು ಆ ಹೆಣಿಗೆಗಾರ್ತಿಯೇ ಮೊದಲು ಹೇಳಲಿ, ಆಮೇಲೆ ಅಳತೆ ಮತ್ತು ಹೆಣಿಗೆಯನ್ನು ಅದಕ್ಕೆ ಹೊಂದಿಸೋಣ ಎಂಬ ಕ್ರಮವನ್ನು ನಾವು ಇಟ್ಟುಕೊಂಡಿದ್ದೇವೆ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದವರ ಮನೆಗಳಲ್ಲಿ ಊರಿನಿಂದ ತಂದ ಹಳೆಯ ರೊಟ್ಟಿ ಬುಟ್ಟಿ, ಮೊರ, ಜರಡಿ ಏನಾದರೂ ಅಟ್ಟದ ಮೇಲೆ ಇದ್ದರೆ, ಮುರಿದಿದ್ದರೂ ಸರಿ, ದಯವಿಟ್ಟು ನನಗೆ ತೋರಿಸಿ. ಅಂಚು ಕಟ್ಟುವ ಬಗೆ ಊರಿಂದೂರಿಗೆ ಬೇರೆಯಾಗಿರುತ್ತದೆ, ಮುರಿದ ಬುಟ್ಟಿಯಲ್ಲಿ ಒಳಗಿನ ಕಟ್ಟು ಇನ್ನೂ ಚೆನ್ನಾಗಿ ಕಾಣುತ್ತದೆ. ನಿಮ್ಮ ಮನೆಗೇ ಬಂದು ಅಳತೆ ತೆಗೆದುಕೊಂಡು, ಚಿತ್ರ ಬರೆದುಕೊಂಡು ಹೋಗುತ್ತೇನೆ. ಅದನ್ನು ಹೆಣೆದವರ ಊರು ಯಾವುದು, ಯಾವ ಸಂತೆಯಲ್ಲಿ ಕೊಂಡದ್ದು ಎಂಬುದು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆದುಕೊಳ್ಳುತ್ತೇನೆ.